ನಲವತ್ತೈದು ಕಿಲೋ

ಕಂಬಕ್ಕೆ ದುಡ್ಡು ಕಳಿಸುವ ಮುನ್ನ
ಮಂಡಕ್ಕಿ ಭಟ್ಟಿಯಲ್ಲಿ, ಭತ್ತ ತೂಗುವ ತಕ್ಕಡಿಗೆ
ತಸ್ಮಿಯಾಳನ್ನು ಹತ್ತಿಸಿದೆ. ನಲವತ್ತೈದು.
'ಚೀಲದ ತೂಕ ಕಳೀಬೇಕೇನ್ರಿ ಮೇಷ್ಟ್ರೆ?' ಅವಳಪ್ಪ ನಕ್ಕ.
ಫಿನ್ಲೆಂಡಿನ ಅಂಗಡಿಯವನು ಕೇಳಿದ್ದು ಅದೊಂದೇ:
ಹೆಸರಲ್ಲ, ಊರಲ್ಲ,
ಹಾರುವವಳ ಭಾರ.

ಎತ್ತಿದ ಚೀಟಿ, ಹಮಾಲರ ಸಂಘದ ವಂತಿಗೆ,
ನಾನು ಮಾರಿಕೊಂಡ ಹದಿನೈದು ದಿನದ ಗಳಿಕೆ ರಜೆ.
ಕಂಬದ ಬೆಲೆಗಿಂತ ಹಡಗಿನ ಬಾಡಿಗೆಯೇ ಹೆಚ್ಚು.
ಹದಿಮೂರು ಅಡಿ; ಬಗ್ಗುತ್ತದೆ, ಮಡಚಲು ಬಾರದು.

ಚೆನ್ನೈ ಕಸ್ಟಮ್ಸಿನಿಂದ ಕಾಗದ ಬಂತು:
ಟೆಂಟಿನದೋ, ದೋಣಿಯದೋ, ಆಂಟೆನಾದ್ದೋ?
'ಉಪಯೋಗ' ಎಂಬುದರ ಮುಂದಿನ ಖಾಲಿ ಗೆರೆಯಲ್ಲಿ
'ಹಾರಲು' ಎಂದು ಬರೆದೆ.
ಅದಕ್ಕೊಂದು ಪ್ರಮಾಣಪತ್ರ ಕೇಳಿದರು.

ಏಳು ತಿಂಗಳು ಬಿದಿರೇ ಗತಿ.
ಎರಡು ಗಳ ಮುರಿದವು, ಒಮ್ಮೆ ಮೊಣಕೈ.

ಕೊನೆಗೂ ಪಿ.ಬಿ. ರಸ್ತೆಯಲ್ಲಿ ಇಳಿಸಿ ಹೋಯಿತು ಲಾರಿ.
ಗಲ್ಲಿಯ ತಿರುವಿಗೆ ಟೆಂಪೊ ಒಗ್ಗದೆ
ಬಿಳಿ ಸುತ್ತಿದ ಉದ್ದನೆಯದನ್ನು
ನಾಲ್ಕು ಹುಡುಗಿಯರು ಹೆಗಲಿಗೇರಿಸಿ ಬರುವಾಗ
ದೋಸೆ ಕಾವಲಿಯ ಮುಂದಿದ್ದವ ತಲೆವಸ್ತ್ರ ಬಿಚ್ಚಿ ನಿಂತ:
'ಯಾರು ಹೋದ್ರು ಸಾರ್?'

ಮತ್ತೆ ಅದೇ ತಕ್ಕಡಿ. ಐವತ್ತೆರಡು.
ಯಾರೂ ನಗಲಿಲ್ಲ.
ಕಂಬದ ಮೇಲೆ ಅಚ್ಚಾದ ಅಂಕಿಯನ್ನು
ತಸ್ಮಿಯಾ ಉಗುರಿಂದ ಒಂದು ಸಲ ಕೆರೆದಳು.
'ಬಿದಿರು ಇದೆಲ್ಲ ಕೇಳ್ತಿರ್ಲಿಲ್ಲ' ಅಂದಳು, ಅಷ್ಟೆ.

ಆಮೇಲೆ ಏಳನೇ ಕ್ಲಾಸಿನ ಚಂದ್ರಿಯ ರಟ್ಟೆ ಹಿಡಿದು
ತಾನೇ ಹತ್ತಿಸಿದಳು. ಮೂವತ್ತೆಂಟು.
'ದಿನಾ ಎರಡು ಬೆಣ್ಣೆದೋಸೆ ತಿನ್ಸಿ ಸಾರ್.
ಕಂಬ ಎಲ್ಲಿಗೂ ಹೋಗಲ್ಲ.'