ಳ

ಪಾಳಿಯ ಪಟ್ಟಿಯಲ್ಲಿ ನಾನು ಜಿ. ತಲ್ವಾರ್.
ಊರಲ್ಲಿ ತಳವಾರ:
ಗೌಡರ ಚಾವಡಿ ಮುಂದೆ ಕೋಲು ಹಿಡಿದು ನಿಂತವರು,
ಡಂಗುರ ಹೊಡೆದು ಊರಿಗೆಲ್ಲ ಸುದ್ದಿ ಮುಟ್ಟಿಸಿ
ತಮ್ಮ ಸುದ್ದಿ ಯಾರಿಗೂ ಹೇಳದವರು.

ಅಡಿಲೇಡಿನ ವಿಮಾನ ನಿಲ್ದಾಣದಲ್ಲಿ
ಅವ್ವನ ಉಪ್ಪಿನಕಾಯಿ ತೆಗೆದಿಟ್ಟುಕೊಂಡರಲ್ಲ,
ಆಗಲೇ ಎಲ್ಲೋ ಳ ಕೂಡ ಹೋಗಿರಬೇಕು.
ರಸೀದಿ ಕೊಡಲಿಲ್ಲ. ನಾನೂ ಕೇಳಲಿಲ್ಲ.
'ತಲ್ವಾರ್! ನಮ್ಮವರೇ ಹಾಗಾದರೆ'
ಎಂದು ಪಂಜಾಬಿ ಡಾಕ್ಟರು ಮುಖ ಅರಳಿಸಿದಾಗ
ಹೌದೆನ್ನಲಿಲ್ಲ, ಅಲ್ಲವೆನ್ನಲೂ ಇಲ್ಲ.
ಒಂದು ಅಕ್ಷರ ಬಿಟ್ಟುಕೊಟ್ಟು
ಎಷ್ಟು ಮೆಟ್ಟಿಲು ಹತ್ತಿದೆನೋ ಆ ಗಳಿಗೆಯಲ್ಲಿ,
ಕಾಲು ನಡುಗಿದ್ದು ಅವರಿಗೆ ಕಾಣಲಿಲ್ಲ.

*

ಮರ್ರೀ ಬ್ರಿಜ್. ನದಿ ಕಂದು, ನಿಧಾನ.
ದಂಡೆಯ ಮೇಲೆ ನಮ್ಮ ವೃದ್ಧಾಶ್ರಮ,
ಒಂಬತ್ತನೇ ಕೋಣೆಯಲ್ಲಿ ಮಿಲ್ಲರಜ್ಜ, ತೊಂಬತ್ತಮೂರು.
ಹಗಲೆಲ್ಲ ಕ್ರಿಕೆಟ್ಟು, ಕುರಿಯ ದರ, ಬಾರದ ಮಳೆ,
ಎಲ್ಲ ಇಂಗ್ಲಿಷಿನಲ್ಲೇ.
ರಾತ್ರಿ ಎರಡು ದಾಟಿದರೆ
ಗಂಟಲು ಮುಟ್ಟಿಕೊಂಡು 'ವಾಸರ್, ವಾಸರ್' ಎನ್ನುತ್ತಾನೆ.

ಮಗಳು ಬೆವರ್ಲಿ ತಲೆಯಾಡಿಸಿದಳು:
ಅಪ್ಪನಿಗೆ ಜರ್ಮನ್ ಬರುವುದಿಲ್ಲ,
ನಾವು ಮೊದಲಿಂದಲೂ ಇಲ್ಲಿಯವರೇ.
ಬೀರುವಿನ ತಳದಲ್ಲಿದ್ದ ಬೈಬಲ್ಲಿನ ಮೊದಲ ಪುಟದಲ್ಲಿ
ಅವನ ಅಜ್ಜ ಮ್ಯುಲ್ಲರ್.
ಯು ಅಕ್ಷರದ ನೆತ್ತಿಗೆ ಎರಡು ಚುಕ್ಕೆ,
ನಮ್ಮ ವಿಸರ್ಗವನ್ನು ಯಾರೋ ಅಡ್ಡ ಮಲಗಿಸಿದ ಹಾಗೆ.
ಮೊದಲ ಯುದ್ಧದ ಕಾಲಕ್ಕೆ ಅವನ್ನು ಒರೆಸಿದರಂತೆ,
ಊರಿನ ಹೆಸರನ್ನೂ.
ಅಜ್ಜಿಯೊಬ್ಬಳು ಮಾತ್ರ
ಅಡುಗೆಮನೆಯ ಕದ ಹಾಕಿಕೊಂಡು
ನೀರನ್ನು ಅದರ ಹೆಸರಿನಿಂದ ಕರೆದು
ಮೊಮ್ಮಗನಿಗೆ ಕುಡಿಸಿರಬೇಕು.

*

ಮಾರ್ಚಿನಲ್ಲಿ ಸಾಮರಸ್ಯದ ದಿನ.
ಮ್ಯಾನೇಜರ್ ಕರ್ಸ್ಟಿ ನೋಟೀಸು ಅಂಟಿಸಿದಳು:
ನಿಮ್ಮ ನಿಮ್ಮ ದೇಶದ ಬಟ್ಟೆ, ಒಂದೊಂದು ತಿನಿಸು.
ಮರಿಫೆ ಮನಿಲಾದ ಶಾವಿಗೆ ತಂದಳು.
ನಾನು ಇಳಕಲ್ ಸೀರೆ ಉಟ್ಟೆ,
ಬಾಲಿವುಡ್ ಎಂದು ಚಪ್ಪಾಳೆ ಬಿತ್ತು.
ಕೀನ್ಯಾದ ನಿರಾಶ್ರಿತರ ಶಿಬಿರದಲ್ಲಿ ಹುಟ್ಟಿದ ನ್ಯಾನ್‌ಡೆಂಗ್
'ಡೇರೆಗೆ ಯಾವ ಬಟ್ಟೆ ಉಡಿಸಲಿ' ಎಂದು ನಕ್ಕು
ಫುಟ್‌ಬಾಲ್ ಅಂಗಿಯಲ್ಲೇ ಬಂದಳು.
ಲರೇನ್ ಆಂಟಿಯದು ದಿನದ ಸಮವಸ್ತ್ರ, ದಿನದ ಮಾಪು.
ನ್ಗಾರಿಂಜೆರಿ ಜನ ಅವರದು,
ಈ ನದಿಗೆ ಬೇರೆ ಹೆಸರಿದ್ದ ಕಾಲದಿಂದ ಇರುವವರು.
'ನಿಮ್ಮ ದೇಶದ್ದು ಏನೂ ತರಲಿಲ್ಲವೇ?'
ಕೇಳಿದ್ದು ಹೊಸ ಹುಡುಗ.
'ಅದರ ಮೇಲೇ ನಿಂತಿದ್ದೀಯ ಮಗಾ.
ಕಾಲೆತ್ತು, ಒರೆಸಬೇಕು.'

*

ಆ ರಾತ್ರಿ ಗುಳಿಗೆ ಎಣಿಸುತ್ತಿದ್ದೆ.
ಹದಿನಾಲ್ಕು ವರ್ಷವಾದರೂ ಎಣಿಕೆ ಇನ್ನೂ ಕನ್ನಡದ್ದೇ:
ಐದು, ಆರು, ಏಳು.
'ಏಲು' ಎಂದಿತು ಕತ್ತಲು.
ಏಲು ಅಲ್ಲ ಅಜ್ಜಾ, ಏಳು.
(ಏಳು ಎಂದರೆ ಎದ್ದೇಳು ಎಂದೂ ಅರ್ಥ, ಹೇಳಲಿಲ್ಲ;
ಸೊಂಟದ ಮೂಳೆ ಮುರಿದಿದೆ.)
ಹಲ್ಲಿನ ಸೆಟ್ಟು ಲೋಟದಲ್ಲಿತ್ತು,
ಬಾಯೊಳಗೆ ನಾಲಿಗೆಗೆ ಬೇಕಾದಷ್ಟು ಜಾಗ.
ಅದು ತಡಕುತ್ತ ತಡಕುತ್ತ ಮೇಲೆ ಹೋಗಿ
ಮಡಚಿ, ಅಂಗುಳ ತಾಗಿ
ನಾಲ್ಕನೇ ಸಲಕ್ಕೆ
ಳ.

ನಾನೂ ಒಲೆ ಊದುವಂತೆ ತುಟಿ ಚೂಪು ಮಾಡಿ
ಮ್ಯುಲ್ಲರ್ ಎಂದೆ.
ಯಾರವನು ಎಂಬಂತೆ ಬಾಗಿಲ ಕಡೆ ನೋಡಿದ.

ಈ ನೆಲದ ಬಾಯಿಂದ ಮೊದಲ ಳ ಕೇಳಿದೆ ಎಂದು
ಬೆಳಗಿನ ಜಾವ ಲರೇನ್ ಆಂಟಿಗೆ ಹೇಳಿದೆ.
ದುಪ್ಪಟಿ ಮಡಿಸುತ್ತಿದ್ದವರು ನಿಂತರು.
ನಾಲಿಗೆ ಮೇಲೆ ಮಡಚಿ ತೋರಿಸಿದರು.
'ನಮ್ಮಜ್ಜಿಗೂ ಇತ್ತು ಇಂಥದೊಂದು.
ಮಿಷನ್ನಿನ ಶಾಲೆಯಲ್ಲಿ ಬಡಿದು ತೆಗೆದರು.'
ಮತ್ತೆ ದುಪ್ಪಟಿಯ ಒಂದು ಅಂಚು ನನ್ನ ಕೈಗಿತ್ತರು,
ಇಬ್ಬರೂ ಎಳೆದು ಹಿಡಿದೆವು.

ವರದಿ ಬರೆಯುವುದು ಬಾಕಿ ಇತ್ತು.
ಹಿಂದಿನ ರಾತ್ರಿಗಳದೆಲ್ಲ ಒಂದೇ ಸಾಲು:
ರೋಗಿ ಗೊಂದಲದಲ್ಲಿದ್ದಾರೆ.
ನಾನು ಬರೆದೆ: ಎರಡೂಕಾಲಿಗೆ ನೀರು ಕೇಳಿದರು. ಕೊಟ್ಟೆ.
ಸಹಿ ಮಾತ್ರ ರೂಢಿಯಂತೆ
ತಲ್ವಾರ್ ಎಂದೇ ಬಿತ್ತು.
ಡಾಕ್ಟರು ಎಂಟಕ್ಕೆ ಬರುತ್ತಾರೆ.
ಪೆನ್ನು ಇನ್ನೂ ಕೈಯಲ್ಲೇ ಇದೆ.