ನೂರಾ ನಲವತ್ತೊಂದನೆಯ ಪುಟ

ಹೊದಿಕೆ ಹರಿದುಹೋದ ಕಾದಂಬರಿ,
ಹೆಸರು ಯಾರಿಗೂ ನೆನಪಿಲ್ಲ.
ಸುಂಕೇರಿ ಇಗರ್ಜಿಯ ಪುಸ್ತಕದ ಕಪಾಟಿಗೆ
ಬೀಗದಕೈ ನನ್ನದು. ವಹಿಯಲ್ಲಿ ಬರೆದುಕೊಂಡದ್ದು ಇಷ್ಟೆ:
ಡೈವೋರ್ಸಿನ ಪುಸ್ತಕ. ಒಂದು ಪ್ರತಿ.

ಮೂರು ತಿಂಗಳಲ್ಲಿ ಹನ್ನೊಂದು ಜನ ಒಯ್ದರು.
ಸಂತರ ಚರಿತ್ರೆಗಳು ಮೇಲಿನ ಸಾಲಲ್ಲಿ
ಗೆದ್ದಲಿನ ದಾರಿ ಕಾಯುತ್ತಿವೆ.

ಎಸ್ಪೆರಾನ್ಸ ಟೀಚರು ತಿರುಗಿ ಕೊಡುವಾಗ ಅಂದರು:
ಭಾಷೆ ಶುದ್ಧವಾಗಿದೆ, ಕಾಗುಣಿತ ಎರಡೇ ಕಡೆ ತಪ್ಪಿದೆ.
ಆದರೆ ಆ ಹುಡುಗಿ ದಿನಾ ರಾತ್ರಿ
ಜಪಸರ ಹಿಡಿದು ಮಲಗಿದ್ದರೆ
ಈ ಕಥೆಯೇ ಹುಟ್ಟುತ್ತಿರಲಿಲ್ಲ.

ಬೈತಖೋಲಿನ ರೆಮೇದಿ ಬುಟ್ಟಿ ಇಳಿಸಲೂ ಇಲ್ಲ:
ಅವನು ಹೊಡೆದದ್ದು ಮೂರು ಸಾಲು,
ಅವನು ಅತ್ತದ್ದು ನಲವತ್ತು ಪುಟ!
ಇಂಥ ತಕ್ಕಡಿ ಹಿಡಿದು ನಾನು ಬಂಗಡೆ ಮಾರಿದ್ದರೆ
ಗಿರಾಕಿಗಳು ಸಮುದ್ರಕ್ಕೆ ನೂಕುತ್ತಿದ್ದರು ನನ್ನ.

ನತಾಲಿನ್‌ಗೆ ಡಿಸೆಂಬರಿನಲ್ಲಿ ಮದುವೆ.
ಒಂದೇ ರಾತ್ರಿಯಲ್ಲಿ ಓದಿದಳಂತೆ.
ಪಾಸ್ಕದ ಜಾಗರಣೆಗೆ ಅವನು ಬಂದು
ಬಾಗಿಲಲ್ಲಿ ಮೊಣಕಾಲೂರುವಲ್ಲಿ ಅತ್ತುಬಿಟ್ಟೆ ಅಂದಳು,
ಬರ್ತಾನೆ ಅಂತ ನನಗೆ ಮೊದಲೇ ಗೊತ್ತಿತ್ತು.

ಗಂಡಸರಲ್ಲಿ ಒಯ್ದವನು ಇನಾಸ್ ಒಬ್ಬನೇ.
ನಮ್ಮನ್ನೆಲ್ಲ ಹೀಗೆ ಬರೆದರೆ ಹೇಗೆ, ಅಂದ.
ಮೂವತ್ತನೆಯ ಪುಟದಲ್ಲಿ
ಅವನ ಅಂಕೋಲೆ ಬಸ್ಸಿನ ಟಿಕೇಟು ಹಾಗೇ ಇತ್ತು.

ಪಾದ್ರಿಯವರು ಕೊನೆಯ ಅಧ್ಯಾಯ ಮೆಚ್ಚಿದರು.
ದೇವರು ಕೂಡಿಸಿದ್ದನ್ನು, ಅಂತ ಶುರುಮಾಡಿ
ನನ್ನ ಮುಖ ನೋಡಿ
ಒಂದು ಲೋಟ ಚಹಾ ಸಿಗಬಹುದೇ ಅಂದರು.

ನನ್ನನ್ನು ಯಾರೂ ಕೇಳಲಿಲ್ಲ. ಕೇಳದಿರುವುದು ಮರ್ಯಾದೆ.

ನನಗೆ ಬರಬೇಕಾದ ಕಾಗದ ಎರಡು.
ಕಾರವಾರದ ಕೋರ್ಟಿನದು ಬಂತು, ಸೀಲು ಹಾಕಿ:
ಮದುವೆ ಮುಗಿಯಿತು.
ಬಿಷಪರ ಕಚೇರಿಯದು ನಾಲ್ಕು ವರ್ಷದಿಂದ ದಾರಿಯಲ್ಲಿದೆ.
ಅದು ಹೇಳಬೇಕು: ಮದುವೆ ಆಗಿರಲೇ ಇಲ್ಲ.
ಆಗಿರಲೇ ಇಲ್ಲವಾದರೆ
ಏಳು ವರ್ಷ ಯಾರ ತಟ್ಟೆಗೆ ಗಂಜಿ ಬಡಿಸಿದೆ,
ಯಾರ ಹೆಜ್ಜೆ ಸಪ್ಪಳಕ್ಕೆ ದೀಪ ಸಣ್ಣ ಮಾಡಿದೆ?
ಕೇಳಿದರೆ ಗುಮಾಸ್ತರು
ಅರ್ಜಿಯಲ್ಲಿ ಆ ಕಾಲಂ ಇಲ್ಲ ಎನ್ನುತ್ತಾರೆ.

ಮೊನ್ನೆ ಕಪಾಟು ಒರೆಸುವಾಗ ಪುಸ್ತಕ ಕೈಜಾರಿ ಬಿತ್ತು,
ತಾನಾಗಿ ತೆರೆದುಕೊಂಡಿತು.
ಕೊನೆಯ ಅಧ್ಯಾಯವಲ್ಲ.
ನೂರಾ ನಲವತ್ತೊಂದು: ಅವಳು ಒಗೆಯುವ ಕಲ್ಲಿನ ಮೇಲೆ ಕೂತು
ಬೆರಳಿಗೆ ಸೋಪು ಹಚ್ಚಿ ಉಂಗುರ ಬಿಚ್ಚುವ ಪುಟ.
ಕೆಳಗಿನ ಚರ್ಮ ಬೆಳ್ಳಗೆ,
ಬಿಸಿಲಿಗೆ ಇನ್ನೂ ತೋರಿಸದ ಕೂಸಿನ ಹಾಗೆ.
ಅಷ್ಟೆ. ಪ್ರಾರ್ಥನೆ ಇಲ್ಲ ಆ ಪುಟದಲ್ಲಿ, ಶಾಪವೂ ಇಲ್ಲ.

ಅಲ್ಲೊಂದು ಮೀನಿನ ಹುರುಪೆ ಅಂಟಿ ಒಣಗಿದೆ.
ಮೇಣದ ಹನಿ, ಕರೆಂಟು ಹೋದರೂ ಬಿಡದೆ ಓದಿದವರದು.
ಮೂಲೆ ಮಡಚಿ ಮತ್ತೆ ನೆಟ್ಟಗೆ ಮಾಡಿದ ಗೆರೆ.
ಪೆನ್ಸಿಲಿನಲ್ಲಿ ಅಡಿಗೆರೆ ಎಳೆದು ಅಳಿಸಿದ್ದಾರೆ ಯಾರೋ,
ಬೆರಳಾಡಿಸಿದರೆ ತಗ್ಗು ಸಿಗುತ್ತದೆ.
ಅಂಚಿನಲ್ಲಿ ಒಂದು ಕೆಂಪು ಚುಕ್ಕೆ;
ಇಡೀ ಸುಂಕೇರಿಯಲ್ಲಿ ಕೆಂಪು ಶಾಯಿ ಇರುವುದು
ಪಾದ್ರಿಯವರ ಜೇಬಿನಲ್ಲಿ.

ನನಗೆ ಸೋಪು ಬೇಕಾಗಲಿಲ್ಲ.
ಅಕ್ಕಿ ತೊಳೆಯುವಾಗ ತಾನೇ ಜಾರಿತ್ತು, ಅಷ್ಟು ಸೊರಗಿದ್ದೆ.
ಎರಡು ಸಲ ಮತ್ತೆ ತೊಟ್ಟೆ. ಎರಡೂ ಸಲ ಜಾರಿತು.
ಬರೆದವಳು ಕೇಳಿದ್ದರೆ ಇದನ್ನು ಕೊಡುತ್ತಿದ್ದೆ.

ನಿನ್ನೆ ಸಂಜೆ, ಬೀಗ ಹಾಕುವ ಹೊತ್ತಿಗೆ,
ಇನಾಸನ ಹೆಂಡತಿ ಬಂದಳು.
ತಲೆಯ ಮೇಲೆ ಸೆರಗು, ಮಳೆ ಇಲ್ಲದ ದಿನ ಕೈಯಲ್ಲಿ ಕೊಡೆ.
ಕಪಾಟಿನ ಕಡೆ ನೋಡಲಿಲ್ಲ, ನೆಲ ನೋಡಿ ಕೇಳಿದಳು:
ಆ ಪುಸ್ತಕ ಇದೆಯಾ ಬಾಯೀ?
ಕೊಟ್ಟೆ. ಕೊಡೆಯ ಮಡಿಕೆಯೊಳಗೆ ಇಳಿಸಿಕೊಂಡಳು.
ಟಿಕೇಟು ನಾನು ಮೊದಲೇ ತೆಗೆದಿಟ್ಟಿದ್ದೆ.

ಅವಳು ಗೇಟು ದಾಟಿದ ಮೇಲೆ ವಹಿ ತೆರೆದು,
ತಾರೀಖು ಹಾಕಿ, ದುಂಡಗಿನ ಅಕ್ಷರದಲ್ಲಿ ಬರೆದೆ:
ಸಂತರ ಚರಿತ್ರೆ, ಎರಡನೆಯ ಭಾಗ.