ಮುರುಗಲ ನೀರು

ಡಾಲ್ಡಾ ಡಬ್ಬಿಯ ತಳ ಮಂಗಳವಾರ ಉದುರಿತು,
ಅಟ್ಟದಿಂದ ಇಳಿಸುವಾಗ, ನನ್ನ ಕೈಯಲ್ಲೇ.
ಇಪ್ಪತ್ತೆಂಟು ವರ್ಷದ ಚಿಲ್ಲರೆ
ಒಲೆಯ ಬುಡದ ತನಕ ಬಿತ್ತು. ಝಣಝಣ ಇಲ್ಲ.
ಒಂದಕ್ಕೊಂದು ಅಂಟಿ ಹೆಂಟೆಯಾಗಿದ್ದವು.

ಅತ್ತೆ ಅಂದದ್ದು ಇಷ್ಟೆ:
"ಕಸಬರಿಗೆ ಬೇಡ ತಂಗಿ, ದುಡ್ಡು ಅದು."

ಇಳಿತದ ಹೊತ್ತಿಗೆ ಕೋಡಿಬಾಗದಲ್ಲಿ
ಕಾಳಿ ಸೇತುವೆಯ ನೆರಳಿಗೆ, ಸೊಂಟಮಟ್ಟ ನೀರಲ್ಲಿ
ಬಳಚು ಹೆಕ್ಕುವವಳು ಶೇವಂತಿ, ನನ್ನ ಅತ್ತೆ.
ಅವಳ ಕಾಲ್ಬೆರಳಿಗೆ ಕಣ್ಣಿದೆ.
ಬೆನ್ನು ಉಬ್ಬಿದ್ದರೆ ಬಳಚು,
ಚಪ್ಪಟೆ ಇದ್ದರೆ ಮೇಲಿನವರದ್ದು.

ಮೇಲಿನವರು ಅಂದರೆ ದೇವರಲ್ಲ,
ಗೋವಾ ಬಸ್ಸಿನವರು.
ಕಿಟಕಿಯಿಂದ ಹೊಳೆಗೊಂದು ರೂಪಾಯಿ ಎಸೆದು
ಕಣ್ಣು ಮುಚ್ಚುವವರು.
ಕಟ್ಟೆಗೆ ಬಡಿದು ರಸ್ತೆಗೇ ಬಿದ್ದದ್ದು ಹುಡುಗರ ಪಾಲು,
ನೀರು ಮುಟ್ಟಿದ್ದು ಇವಳದು.

ಬುಟ್ಟಿಯ ಬಳಚು ಸಂಜೆಯೊಳಗೆ ಮಾರಿ ಹೋಗುತ್ತಿತ್ತು.
ನಾಣ್ಯ ಮಾತ್ರ ಒಂದನ್ನೂ ಮುರಿಸಲಿಲ್ಲ.
ಉಪ್ಪಿಗೂ ಇಲ್ಲ, ಎಲೆ ಅಡಿಕೆಗೂ ಇಲ್ಲ.
"ಯಾರದೋ ಆಸೆ. ಅದರಲ್ಲಿ ಬಂಗಡೆ ತರಲಿಕ್ಕಾಗ್ತದಾ?"
ಈಗ ಆಗ್ತದಾ ಅಂದೆ.
"ಈಗ ಡಬ್ಬಿಯೇ ಬಿಟ್ಟಿತಲ್ಲ."

ಕರಿ ದುಡ್ಡು ಬ್ಯಾಂಕಿನವರು ಮುಟ್ಟುವುದಿಲ್ಲ.
ನನ್ನ ಗಂಡ ರೋಹಿದಾಸ ಸಂಡಾಸಿನ ಆಸಿಡ್ಡು ತಂದ.
ನಾಲ್ಕು ಹಾಕಿದ, ಬುಸ್ಸೆಂದು ನೊರೆ ಬಂತು,
ಮೂರು ಸಿಂಹಕ್ಕೂ ಮೂಗು ಇಲ್ಲದಾಯಿತು.
ಹೊಗೆಗೆ ಕೆಮ್ಮುತ್ತ ಹೊರಗೆ ಹೋಗಿ ನಿಂತ.
ಆಸಿಡ್ಡು ತೆಂಗಿನ ಬುಡಕ್ಕೂ ಬೇಡ ಎಂದು ಅತ್ತೆ
ಗಟಾರಕ್ಕೆ ಸುರಿದಳು. ಒಳಗಿಂದ
ಮಳೆಗಾಲಕ್ಕೆಂದು ಇಟ್ಟ ಭರಣಿ ತಂದು
ಮುರುಗಲ ಸಿಪ್ಪೆ ಅಷ್ಟೂ ಬಕೆಟ್ಟಿಗೆ.

ಬೆಳಿಗ್ಗೆ ನೋಡಿದರೆ ಕೆಂಪು ನೀರು ಶಾಯಿಯಾಗಿದೆ.

ಹಳೆ ಟೂತ್‌ಬ್ರಶ್ಶು, ಬೂದಿ, ತೆಂಗಿನ ನಾರು.
ಹತ್ತು ಪೈಸೆಯ ಅಲೆಅಂಚನ್ನು ಉಪ್ಪು ತಿಂದು
ಹಪ್ಪಳದ ಹಾಗೆ ಮಾಡಿದೆ, ಒತ್ತಿದರೆ ಮುರಿಯುತ್ತದೆ.
ಸ್ಟೀಲಿನವು ಕೆಂಪು ಕಾರುತ್ತವೆ.
ಐದು ರೂಪಾಯಿ ಒಂದರ ಮೇಲೆ
ಸಣ್ಣ ಕಲ್ಗವೊಂದು ಮನೆ ಕಟ್ಟಿ, ಸತ್ತು, ಬಾಗಿಲು ತೆರೆದಿಟ್ಟಿದೆ.
ಅದನ್ನು ತಿಕ್ಕಲಿಲ್ಲ.

ನಾಲ್ಕಾಣೆ ನೂರಾ ಹನ್ನೆರಡು.
ಅವು ಈಗ ನಡೆಯುವುದಿಲ್ಲ.
ನಾಲ್ಕಾಣೆಗೆ ಏನು ಬೇಡಿದ್ದರೋ
ಪಾಸಾಗಲಿ, ಅವನು ಕುಡಿಯದಿರಲಿ, ಹಲ್ಲುನೋವು ಇಳಿಯಲಿ
ಆಗಿದ್ದರೆ ಆಗಿದೆ.

ಬೆರಳ ತುಂಬ ಕಬ್ಬಿಣದ ವಾಸನೆ. ಅನ್ನಕ್ಕೂ ಅದೇ.

ಅತ್ತೆ ಎರಡು ರೂಪಾಯಿ ಮಾತ್ರ ಬೇರೆ ಇಡುತ್ತಿದ್ದಳು.
ಹನ್ನೊಂದು ಮೂಲೆಯದು, ಭಾರತದ ನಕಾಶೆ ಇದ್ದದ್ದು.
ತೊಳೆದು, ಬೆಳಕಿಗೆ ಹಿಡಿದು, ತಿರುಗಿಸಿ, ಸೆರಗಿಗೆ ಒರೆಸಿ
ಮಡಿಲಿಗೆ.
ಎಂತ ಹುಡುಕ್ತೀ ಅಂದೆ.

"ನಾನೂ ಒಂದು ಎಸೆದಿದ್ದೆ.
ಇವನಿಗೆ ಮೂರು ವರ್ಷ. ಜ್ವರ ತಲೆಗೆ ಏರಿತ್ತು.
ಮಡಗಾಂವಕ್ಕೆ ಒಯ್ಯುವಾಗ, ಬಸ್ಸಿಂದ.
ಕೈಯಲ್ಲಿ ಇದ್ದದ್ದೇ ಅದು.
ಆಮೇಲೆ ಎಷ್ಟು ವರ್ಷ ಇದೇ ಹೊಳೆಯಲ್ಲಿ ಹೆಕ್ಕಿದ್ದೇನೆ.
ನಂದನ್ನೇ ಹೆಕ್ಕಿ ತಂದಿದ್ದರೆ?"

ಹೊರಗೆ ರೋಹಿದಾಸ ಇನ್ನೂ ಕೆಮ್ಮುತ್ತಿದ್ದ.
ಡಬ್ಬಿ ಇಷ್ಟು ವರ್ಷ ಅಟ್ಟ ಇಳಿಯದ್ದು ಯಾಕೆಂದು
ಬ್ರಶ್ಶು ಹಿಡಿದೇ ಕೂತು ತಿಳಿಯಿತು ನನಗೆ.

ಎಲ್ಲವೂ ಒಂದೇ ಥರ ಹೊಳೆಯುತ್ತಿದ್ದವು.
ನಲವತ್ತೊಂದು. ಗುರುತು ಎಂಬುದು ಮುಂಚೆ ಇದ್ದರೂ
ನಾವೇ ತಿಕ್ಕಿ ತೆಗೆದಿರಬೇಕು.

ಬ್ಯಾಂಕಿನಲ್ಲಿ ಸಾವಿರದ ಆರುನೂರ ಏಳು ಬಂತು.
ಆ ನಲವತ್ತೊಂದು ಅಲ್ಲಿಗೆ ಹೋಗಲಿಲ್ಲ.
ಶುಕ್ರವಾರ ಇಳಿತಕ್ಕೆ ಅವಳು ಬುಟ್ಟಿ ಹಿಡಿದಾಗ
ಸೆರಗಿನ ಗಂಟು ಸೊಂಟಕ್ಕೆ ಬಡಿಯುತ್ತಿತ್ತು.

ಮತ್ತೆ ಕಾಲಿಗೆ ಸಿಕ್ಕರೆ, ಅಂದೆ.
"ತೊಳೆದದ್ದಲ್ಲವಾ, ಗೊತ್ತಾಗ್ತದೆ.
ಮಿಂಚಿದ್ದನ್ನು ಬಿಟ್ಟುಬಿಡುವುದು."

ರಾತ್ರಿ ಸಾರಿಗೆ ಮುರುಗಲು ಇರಲಿಲ್ಲ.
ರೋಹಿದಾಸ ಎರಡು ಸಲ ಕೇಳಿದ, ಹುಳಿ ಎಲ್ಲಿ ಎಂದು.